ಟೋಪಿಯ ಹಂತದಲ್ಲೇ ನಿಂತ ದೋಣಿ

ನಮಸ್ಕಾರ. ಈ ಸಂಚಿಕೆಯ ಮಾತನ್ನು ಒಂದು ಕಾಗದದ ದೋಣಿಯಿಂದ ಆರಂಭಿಸುತ್ತೇನೆ.

ಕೆಲವು ದಿನಗಳ ಹಿಂದೆ ನನ್ನ ತಂಗಿಯ ಆರು ವರ್ಷದ ಮಗಳು ಹಾಳೆಯೊಂದನ್ನು ಹಿಡಿದು ಬಂದು, "ಮಾವ, ದೋಣಿ ಮಾಡೋದು ಹೇಗೆ?" ಎಂದು ಕೇಳಿದಳು. ಬಾಯಲ್ಲಿ ವಿವರಿಸಲು ಹೋಗಿ ಮೂರನೆಯ ಮಡಿಕೆಗೇ ತಡವರಿಸಿದೆ. ಹಾಳೆ ಕೈಗೆ ಬಂದದ್ದೇ ತಡ, ಬೆರಳುಗಳಿಗೆ ಎಲ್ಲವೂ ನೆನಪಿತ್ತು. ಹಾಳೆಯನ್ನು ಅರ್ಧಕ್ಕೆ ಮಡಚಿ, ಮಡಿಕೆಯ ಕಡೆಯ ಎರಡು ಮೂಲೆಗಳನ್ನು ನಡುಗೆರೆಗೆ ಕೂಡಿಸಿ, ಕೆಳಗೆ ಉಳಿದ ಪಟ್ಟಿಗಳನ್ನು ಎರಡೂ ಬದಿಯಲ್ಲಿ ಮೇಲಕ್ಕೆತ್ತಿದರೆ ಅದು ಟೋಪಿ; ಟೋಪಿಯ ಬಾಯಿ ಅಗಲಿಸಿ ಚಪ್ಪಟೆ ಮಾಡಿದರೆ ಚೌಕ; ಚೌಕದ ಕೆಳತುದಿಗಳನ್ನು ಮೇಲಕ್ಕೆ ಮಡಚಿ, ಇನ್ನೊಮ್ಮೆ ಅಗಲಿಸಿ ಚಪ್ಪಟೆ ಮಾಡಿ, ಮೇಲಿನ ಎರಡು ಕಿವಿಗಳನ್ನು ಹಿಡಿದು ಮೆಲ್ಲಗೆ ಎಳೆದರೆ ದೋಣಿ.

ಆದರೆ ಟೋಪಿಯ ಹಂತದಲ್ಲೇ ಹುಡುಗಿ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಗೊಂಬೆಯ ತಲೆಗೆ ತೊಡಿಸಿಬಿಟ್ಟಳು. "ಇನ್ನೂ ಮುಗಿದಿಲ್ಲ, ಕೊಡು ಇಲ್ಲಿ" ಎಂದು ವಾಪಸು ಪಡೆದು, ಗೆರೆಗಳನ್ನು ಉಗುರಿನಿಂದ ತೀಡಿ, ಎಲ್ಲೂ ಸೊಟ್ಟಗಾಗದ ಒಂದು ದೋಣಿ ಮಾಡಿಕೊಟ್ಟೆ. ಅವಳು "ಚೆನ್ನಾಗಿದೆ" ಎಂದಳು, ಮೇಜಿನ ಮೇಲಿಟ್ಟಳು, ಹೊರಟುಹೋದಳು. ಗೊಂಬೆಯ ತಲೆ ಬರಿದಾಗಿತ್ತು. ಆ ದೋಣಿ ಮಾಡಿದ್ದು ನನಗಾಗಿಯೇ ಎಂಬುದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ನಮ್ಮ ಬಾಲ್ಯದ ಸಂತೋಷಗಳನ್ನು ಮಕ್ಕಳಿಗೆ ಹಂಚಬೇಕೆಂದು ಹೊರಟ ದೊಡ್ಡವರು ಬಹುಮಟ್ಟಿಗೆ ಎಡವುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ನಾವು ಆಟವನ್ನು ಕೊಡುತ್ತೇವೆ, ಅದನ್ನು ಕೆಡಿಸುವ ಹಕ್ಕನ್ನು ಮಾತ್ರ ಕೊಡುವುದಿಲ್ಲ. ಅದರ ಜೊತೆಗೆ "ನಮ್ಮ ಕಾಲದಲ್ಲಿ ಮೊಬೈಲ್ ಇರಲಿಲ್ಲ" ಎಂಬ ಭಾಷಣವೂ ಸೇರಿಕೊಂಡರೆ, ಉಡುಗೊರೆಯೆಂದು ಕೊಟ್ಟದ್ದು ಮಗುವಿನ ಕಿವಿಗೆ ದೂರಾಗಿ ಕೇಳಿಸುತ್ತದೆ. (ಆ ಮೊಬೈಲನ್ನು ಅವರ ಕೈಗೆ ಕೊಟ್ಟವರು ಯಾರು ಎಂಬ ಪ್ರಶ್ನೆಯನ್ನು ಇವತ್ತಿಗೆ ಬಿಟ್ಟುಬಿಡೋಣ.)

ಕಾಗದ ಮಡಚುವುದಕ್ಕೆ ಶಿಕ್ಷಣದ ಚರಿತ್ರೆಯಲ್ಲೂ ಒಂದು ಸ್ಥಾನವಿದೆ. 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗ್‌ನಲ್ಲಿ ಚಿಕ್ಕ ಮಕ್ಕಳಿಗಾಗಿ ಸಂಸ್ಥೆಯೊಂದನ್ನು ತೆರೆದು, ಮುಂದೆ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟ ಫ್ರೆಡ್ರಿಕ್ ಫ್ರೊಬೆಲ್ ಅವರು ಮಕ್ಕಳಿಗೆ ಕೊಟ್ಟ ಕೈಕೆಲಸಗಳಲ್ಲಿ ಕಾಗದದ ಮಡಿಕೆಯೂ ಒಂದಾಗಿತ್ತು. ಅವರ ನಂತರ ಬಂದ ಅನುಯಾಯಿಗಳಲ್ಲಿ ಹಲವರು ಅದನ್ನು ಇಂಥದ್ದರ ನಂತರ ಇಂಥದ್ದು ಎಂಬ ಕಟ್ಟುನಿಟ್ಟಿನ ಪಾಠವಾಗಿ ಮಾಡಿಬಿಟ್ಟರು. ಮೇಜಿನ ಮೇಲೆ ನಾನು ಮಾಡಿದ್ದೂ ಅದನ್ನೇ.

ಬಹುಮಾನದ ವಿಷಯವಂತೂ ಇನ್ನೂ ಸೂಕ್ಷ್ಮ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು, ಬಣ್ಣದ ಮಾರ್ಕರ್‌ಗಳಿಂದ ಚಿತ್ರ ಬಿಡಿಸುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಕೆಲವು ಮಕ್ಕಳಿಗೆ ಮೊದಲೇ ಹೇಳಲಾಗಿತ್ತು; ಇನ್ನು ಕೆಲವರಿಗೆ ಹೇಳದೆ ಕೊಡಲಾಯಿತು; ಉಳಿದವರಿಗೆ ಏನೂ ಇರಲಿಲ್ಲ. ವಾರ ಎರಡು ವಾರ ಕಳೆದು ಮತ್ತೆ ಮಾರ್ಕರ್‌ಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟಾಗ, ಪ್ರಶಸ್ತಿಯ ಆಸೆಗೆ ಬಿಡಿಸಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಅವುಗಳೊಂದಿಗೆ ಕಳೆದರು. ಹೇಳದೆ ಕೊಟ್ಟ ಪ್ರಶಸ್ತಿಯಿಂದ ಅಂಥ ಹಾನಿಯೇನೂ ಆಗಿರಲಿಲ್ಲ.

ಹಾಗಾದರೆ ದೊಡ್ಡವರು ಮಾಡಬೇಕಾದದ್ದೇನು ಎಂದರೆ, ಕುಳಿತು ಆಡಬೇಕು. ಎರಡು ಕಾಗದದ ಲೋಟಗಳ ತಳಕ್ಕೆ ತೂತು ಕೊರೆದು ದಾರ ಕಟ್ಟಿ ಮಾಡುವ ಫೋನನ್ನು ನೆನಪಿಸಿಕೊಳ್ಳಿ. ದಾರ ಬಿಗಿಯಾಗಿದ್ದರೆ ಮಾತಿನ ಕಂಪನ ಅದರ ಮೂಲಕ ಹರಿದು ಆ ಕಡೆಯ ಲೋಟದ ತಳವನ್ನು ಅದುರಿಸುತ್ತದೆ; ಸಡಿಲವಾದರೆ, ಇಲ್ಲವೇ ಬಾಗಿಲ ಮೂಲೆಗೆ ತಗುಲಿದರೆ, ಮಾತು ಅಲ್ಲೇ ಸಾಯುತ್ತದೆ. ಈ ಆಟವನ್ನು ಪಕ್ಕದಲ್ಲಿ ನಿಂತು ಕಲಿಸಲಾಗದು, ಏಕೆಂದರೆ ದಾರದ ಇನ್ನೊಂದು ತುದಿಯನ್ನು ಯಾರಾದರೂ ಎಳೆದು ಹಿಡಿಯಲೇಬೇಕು, ಲೋಟವನ್ನು ಕಿವಿಗೆ ಒತ್ತಿಕೊಂಡು ಆ ಕಡೆಯ ಪಿಸುಮಾತಿಗೆ ಕಾಯಲೇಬೇಕು.

1989ರ ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆ ತನ್ನ 31ನೇ ವಿಧಿಯಲ್ಲಿ ವಿಶ್ರಾಂತಿ, ಬಿಡುವು ಮತ್ತು ಆಟವನ್ನು ಮಗುವಿನ ಹಕ್ಕೆಂದು ಮಾನ್ಯ ಮಾಡಿದೆ. 2024ರಿಂದ ಜೂನ್ 11 ಅಂತಾರಾಷ್ಟ್ರೀಯ ಆಟದ ದಿನವೂ ಆಗಿದೆ. ಒಳ್ಳೆಯದೇ. ಆ ವಿಧಿಯಲ್ಲಿ ಆಟದ ಜೊತೆಗೆ ಬಿಡುವು ಎಂಬ ಪದವೂ ಇರುವುದು ನನಗೆ ಹೆಚ್ಚು ಇಷ್ಟ, ಏಕೆಂದರೆ ತರಗತಿಯಿಂದ ತರಗತಿಗೆ ಓಡುವ ಮಗುವಿಗೆ ಚಿತ್ರಕಲೆಯೂ ಇನ್ನೊಂದು ಹೋಮ್‌ವರ್ಕ್ ಆಗಿಬಿಡುತ್ತದೆ.

ಮೊನ್ನೆ ಸೊಸೆ ಮತ್ತೆ ಹಾಳೆ ತಂದಳು. ಈ ಸಲ ನಾನು ಟೋಪಿಗೇ ನಿಲ್ಲಿಸಿ ಅವಳ ಕೈಗೆ ಕೊಟ್ಟೆ. ಗೊಂಬೆಯ ತಲೆಗೆ ಹೋಗುತ್ತದೆಂದುಕೊಂಡಿದ್ದೆ. ಅವಳು ಅದನ್ನು ತಲೆಕೆಳಗು ಮಾಡಿ, ಬಾಯಿ ಅಗಲಿಸಿ, ಒಳಗೆ ಪೆನ್ಸಿಲ್ ಹೆರೆದ ಚೂರುಗಳನ್ನು ತುಂಬಿ, ಅಂಗಡಿ ತೆರೆದಳು. ಏನು ಮಾರುತ್ತಿದ್ದೀಯೆಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ, "ಮಾವ, ನೀನು ಸಾಲಲ್ಲಿ ನಿಲ್ಲು" ಎಂದಳು. ನನ್ನ ಮುಂದೆ ಗೊಂಬೆಯೊಂದೇ ಇತ್ತು. ನಾನು ಅದರ ಹಿಂದೆ ನಿಂತೆ.