ಚೀಟಿ ಎತ್ತುವುದು ಒಂದೇ ಸಲ

ನಮಸ್ಕಾರ ಕೇಳುಗರೇ. ನಿಮ್ಮ ಊರಲ್ಲಿ ನಲ್ಲಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ ಅಂತ ವಿಚಾರಿಸಬೇಕು ಅಂದುಕೊಳ್ಳಿ. ಮತದಾರರ ಪಟ್ಟಿಯಲ್ಲಿ 1,200 ಹೆಸರಿವೆ, ನಿಮಗೆ 60 ಜನರನ್ನು ಮಾತಾಡಿಸುವಷ್ಟೇ ಪುರುಸೊತ್ತು. ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಸಾಕು ಅಂತೀವಿ, ನಿಜ, ಆದರೆ ಅನ್ನಕ್ಕೆ ಸೌಟು ಹಾಕಿ ತಿರುವಿರುತ್ತೇವೆ, ಊರಿಗೆ ಯಾರು ಸೌಟು ಹಾಕಿದ್ದಾರೆ? ಟ್ಯಾಂಕಿನ ಪಕ್ಕದವರ ಮಾತೇ ಬೇರೆ, ದಿಣ್ಣೆ ಮೇಲಿನವರ ಮಾತೇ ಬೇರೆ.

ಲೆಕ್ಕ ಸುಲಭ. ಪಟ್ಟಿಯಲ್ಲಿ ಹೊಡೆದುಹಾಕಿದ ಹೆಸರುಗಳಿದ್ದರೆ ಮೊದಲು ಬಿಟ್ಟು ಹೊಸದಾಗಿ ನಂಬರು ಹಾಕಿಕೊಳ್ಳಿ. 1,200ನ್ನು 60ರಿಂದ ಭಾಗಿಸಿದರೆ 20. ಈಗ 1ರಿಂದ 20ರವರೆಗೆ ಚೀಟಿ ಬರೆದು, ಡಬ್ಬಿಗೆ ಹಾಕಿ, ಒಂದನ್ನು ಎತ್ತಿ. 7 ಬಂತಾ? 7ನೇ ಹೆಸರು, ಆಮೇಲೆ 27, 47, 67, ಹೀಗೇ 1,187ರವರೆಗೆ. ಪಟ್ಟಿ ಬೀದಿ ಬೀದಿಯಾಗಿ ಸಾಗುವುದರಿಂದ ಟ್ಯಾಂಕಿನ ಬೀದಿಗೂ ದಿಣ್ಣೆಗೂ ಅವರವರ ಪಾಲು ತಾನಾಗಿ ಸಿಗುತ್ತದೆ. ಚೀಟಿ ಯಾಕೆ, ಸುಮ್ನೆ 1ರಿಂದಲೇ ಶುರು ಮಾಡೋಣ ಅನ್ನಬೇಡಿ. ಆಗ 2ನೇ ಹೆಸರಿನವರಿಗೆ ಏನು ಮಾಡಿದರೂ ಸರದಿ ಬರುವುದಿಲ್ಲ.

1,250 ಹೆಸರಿದ್ದರೆ ಭಾಗಾಕಾರ ಸರಿಹೋಗಲ್ಲ, 20.83 ಬರುತ್ತದೆ, ಹತ್ತಿರದ ಪೂರ್ಣ ಸಂಖ್ಯೆ 21. ಅದಕ್ಕೆ ನಮ್ಮ ದೇಶದವರೇ ಆದ ಸಂಖ್ಯಾಶಾಸ್ತ್ರಜ್ಞ ಡಿ.ಬಿ. ಲಾಹಿರಿ 1950ರ ದಶಕದಲ್ಲಿ ಒಂದು ದಾರಿ ತೋರಿಸಿದರು: ಪಟ್ಟಿಯನ್ನು ಬಳೆಯ ಹಾಗೆ ದುಂಡಗೆ ಅಂದುಕೊಳ್ಳಿ. 1ರಿಂದ 1,250ರೊಳಗೆ ಯಾವುದಾದರೂ ಒಂದು ನಂಬರನ್ನು ಚೀಟಿಯಿಂದಲೇ ಆರಿಸಿ, ಅಲ್ಲಿಂದ 21, 21 ಎಣಿಸುತ್ತಾ ಹೋಗಿ, ಕೊನೆ ಮುಟ್ಟಿದರೆ ಮತ್ತೆ ಮೊದಲಿಗೆ ಬನ್ನಿ. 60 ಆದ ಮೇಲೆ ನಿಲ್ಲಿಸಿ.

ನಾನು ಎಡವಿದ್ದು ಬೇರೆ ಕಡೆ. ಒಂದು ಕ್ವಾರ್ಟರ್ಸ್. ಸಾಲಿಗೆ ಹತ್ತು ಮನೆ, ಪಟ್ಟಿಯಲ್ಲಿ ಮನೆಗೆ ಎರಡು ಹೆಸರು, ಮೊದಲು ಗಂಡ, ಆಮೇಲೆ ಹೆಂಡತಿ. ಅಂದರೆ ಸಾಲಿಗೆ 20 ಹೆಸರು, ನನ್ನ ಲೆಕ್ಕವೂ 20, ಚೀಟಿಯಲ್ಲಿ ಬಂದದ್ದು 1! ಸಿಕ್ಕವರೆಲ್ಲ ಸಾಲಿನ ಮೊದಲ ಮನೆಯ ಗಂಡಸರು. ಪೈಪು ಒಳಗೆ ಬರುವುದೇ ಆ ಮನೆಯ ಹತ್ತಿರ. "ದಿನಾ ಬರುತ್ತೆ ಸಾರ್" ಅಂದರು ಎಲ್ಲರೂ. ಒಬ್ಬ ಹೆಂಗಸೂ ಇಲ್ಲ, ಬಿಂದಿಗೆ ಹಿಡಿದು ಕಾಯುವವರು ಅವರೇ ಅಲ್ವಾ? ಆಮೇಲೆ 20 ಬಿಟ್ಟು 19ಕ್ಕೆ ಎಣಿಸಿದೆ. ಒಮ್ಮೆ ಗಂಡ, ಒಮ್ಮೆ ಹೆಂಡತಿ, ಮನೆಯೂ ಬದಲಾಗುತ್ತಾ ಹೋಯಿತು. ಪಟ್ಟಿ ಕೈಗೆ ಬಂದ ಕೂಡಲೇ ಎರಡು ಪುಟ ಓದಿದ್ದರೆ ಇದು ಮೊದಲೇ ಕಾಣುತ್ತಿತ್ತು.

ಇನ್ನೊಂದು. 47ನೆಯವರ ಮನೆಗೆ ಬೀಗ ಹಾಕಿದೆ ಅಂತ ಪಕ್ಕದ ಮನೆಗೆ ಹೋಗಬೇಡಿ. ಹಗಲು ಬೀಗ ಹಾಕುವವರು ಜಾಸ್ತಿ ಕೂಲಿಗೆ ಹೋಗುವವರು, ಅವರನ್ನು ಬಿಟ್ಟರೆ ಹಗಲೆಲ್ಲ ಮನೆಯಲ್ಲಿರುವವರ ಉತ್ತರವಷ್ಟೇ ಉಳಿಯುತ್ತದೆ. ಸಂಜೆ ಏಳರ ಮೇಲೆ ಹೋಗಿ, ಸಿಗುತ್ತಾರೆ.