ಇನಿಷಿಯಲ್ ಯಾರದ್ದು?

ಕೇಳುಗರಿಗೆ ನಮಸ್ಕಾರ.

ನಾನು ಆಲೂರು ತಾಲ್ಲೂಕಿನ ಒಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗಿನ ಮಾತು. ಅಂಕಪಟ್ಟಿಗೆ ಸಹಿ ಹಾಕಲು ಒಬ್ಬರು ಬಂದಿದ್ದರು. ಕಾಫಿ ಕಣದಿಂದ ನೇರ ಬಂದಿದ್ದರೇನೋ, ಅಂಗಿಯ ತೋಳಿನ ತುಂಬ ಧೂಳು. 'ತಂದೆ ಅಥವಾ ಪೋಷಕರ ಸಹಿ' ಅನ್ನೋ ಕಡೆ ಪೆನ್ನು ಇಟ್ಟು ಹಾಗೇ ನಿಂತರು. "ಮೇಡಂ, ಇಲ್ಲಿ ನಾನು ಹಾಕಬಹುದಾ?"

ಹುಡುಗಿಗೆ ಮೂರು ವರ್ಷ ಇದ್ದಾಗಲೇ ತಂದೆ ತೀರಿಕೊಂಡಿದ್ದರು. ಇವರು ಅವಳ ತಾಯಿಯನ್ನು ಆಮೇಲೆ ಮದುವೆಯಾದವರು. "ಪೋಷಕರು ಅಂತಾನೂ ಇದೆಯಲ್ಲ, ಹಾಕಿ" ಅಂದೆ. ಹಾಕಿದರು. ಬಾಗಿಲ ತನಕ ಹೋಗಿ ತಿರುಗಿ ಬಂದು ಕೇಳಿದರು: "ಮಗು ಇನಿಷಿಯಲ್ ನನ್ನದು ಮಾಡಿಸೋಕೆ ಆಗುತ್ತಾ?"

ನಮ್ಮ ಕಡೆ ಸರ್‌ನೇಮ್ ಅಂದರೆ ಬಹುಪಾಲು ಇನಿಷಿಯಲ್ಲೇ. ಎಚ್.ಡಿ. ದೇವೇಗೌಡ ಅಂದರೆ ಹರದನಹಳ್ಳಿಯ ದೊಡ್ಡೇಗೌಡರ ಮಗ. ಊರೂ ಬಂತು, ಅಪ್ಪನೂ ಬಂದ. ಅದಕ್ಕೇ ಒಂದಕ್ಷರ ಬದಲಿಸಲು ಹೊರಟರೂ ಅಜ್ಜನ ಮನೆಯಲ್ಲಿ ಗದ್ದಲ. "ನಮ್ಮ ಮಗನ ಹೆಸರೇ ಅಳಿಸಿಬಿಡ್ತೀರಾ?" ಆ ಮಾತಿನಲ್ಲಿ ಸಂಕಟ ಇದೆ. ಸ್ವಲ್ಪ ಜಮೀನಿನ ಲೆಕ್ಕವೂ ಇರುತ್ತೆ, ಅಲ್ವಾ?

ಇಂಥದ್ದೇ ಜಗಳ ಆಂಧ್ರದಿಂದ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. 2006ರಲ್ಲಿ ಗಂಡ ತೀರಿಹೋದಾಗ ಮಗುವಿಗೆ ಎರಡೂವರೆ ತಿಂಗಳು. ತಾಯಿ ಮರುಮದುವೆಯಾದರು. ಮಗುವಿಗೆ ಹಳೆಯ ಸರ್‌ನೇಮೇ ಇರಲಿ, ಹೊಸ ಗಂಡನನ್ನು ದಾಖಲೆಯಲ್ಲಿ ಮಲತಂದೆ ಎಂದು ಬರೆಸಿ ಅಂತ ಹೈಕೋರ್ಟ್ ಹೇಳಿತ್ತು. 2022ರ ಜುಲೈ 28ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ತಂದೆ ಇಲ್ಲದ ಮೇಲೆ ತಾಯಿಯೇ ಸಹಜ ಪೋಷಕಿ, ಸರ್‌ನೇಮ್ ಯಾವುದು ಅನ್ನೋದು ಆಕೆಯ ತೀರ್ಮಾನ ಎಂದಿತು. ಮಗುವಿನ ಕಾಗದದಲ್ಲಿ 'ಮಲತಂದೆ' ಎಂದು ಬರೆಸುವುದು ಹೆಚ್ಚುಕಡಿಮೆ ಕ್ರೂರ ಅಂತಲೂ ಹೇಳಿತು. ನನಗಂತೂ ಅದು ಸರಿಯಾಗೇ ಕಂಡಿತು. ನಮ್ಮೂರಲ್ಲಿ ಆ ಪದವನ್ನು ಯಾರೂ ಎದುರಿಗೆ ಆಡುವುದಿಲ್ಲ. ಹಿಂದಿನಿಂದ ಆಡುತ್ತಾರೆ, ಅಷ್ಟೆ.

ಜನ ಎಡವುವುದು ಇದರ ಮುಂದೆ. ಇನಿಷಿಯಲ್ ಬದಲಾದ ಮಾತ್ರಕ್ಕೆ ಕಾನೂನಿನಲ್ಲಿ ಆತ ತಂದೆ ಆಗಿಬಿಡುವುದಿಲ್ಲ. 1956ರ ಹಿಂದೂ ಪೋಷಕತ್ವ ಕಾಯ್ದೆ ಹೇಳುವ 'ತಂದೆ'ಯಲ್ಲಿ ಮಲತಂದೆ ಸೇರಿಲ್ಲ. ತಂದೆಯ ಕಾಲಂನಲ್ಲೇ ಆತನ ಹೆಸರು ಬರಬೇಕು ಅಂದರೆ ದತ್ತು ಆಗಬೇಕು. ಬಾಲನ್ಯಾಯ ಕಾಯ್ದೆಯ ದಾರಿ ಹಿಡಿದರೆ, 2022ರ ಸೆಪ್ಟೆಂಬರ್‌ನಿಂದ ಆ ಆದೇಶ ಕೊಡುವವರು ಜಿಲ್ಲಾಧಿಕಾರಿ. ಡೈವೋರ್ಸ್ ಆಗಿ ಹೆತ್ತ ತಂದೆ ಬದುಕಿದ್ದರೆ, ದತ್ತಿಗೆ ಆತನ ಒಪ್ಪಿಗೆಯೂ ಬೇಕಾಗುತ್ತೆ.

ಇನ್ನು ಜಮೀನು. ಬರೀ ಇನಿಷಿಯಲ್ ಬದಲಾದರೆ ತೀರಿಹೋದ ತಂದೆಯ ಆಸ್ತಿಯಲ್ಲಿ ಮಗುವಿನ ಪಾಲಿಗೆ ಏನೂ ಆಗುವುದಿಲ್ಲ. ಹಿಂದೂ ಕಾನೂನಿನಲ್ಲಿ ದತ್ತು ಆದರೂ, ಅದಕ್ಕೆ ಮೊದಲೇ ಮಗುವಿಗೆ ಸೇರಿಹೋದ ಆಸ್ತಿ ಮಗುವಿನದ್ದೇ. ಹಾಗಾಗಿ "ಹೆಸರು ಬಿಟ್ಟರೆ ಪಾಲೂ ಬಿಟ್ಟಂಗೆ" ಅನ್ನೋದು ಸುಮ್ನೆ ಹೆದರಿಸುವ ಮಾತು.

ಮಾಡಿಸುವುದಿದ್ದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬರುವ ಮೊದಲೇ ಮಾಡಿಸಿ. ಆಮೇಲೆ ಒಂದನ್ನು ತಿದ್ದಿದರೆ ಇನ್ನೊಂದು ಹೊಂದುವುದಿಲ್ಲ, ಅಲೆದಾಟ ಜಾಸ್ತಿ. ಅದಕ್ಕೂ ಮೊದಲು ಮಗುವನ್ನು ಒಂದು ಮಾತು ಕೇಳಿ.

ನಾವು ಕೇಳಿದೆವು. ತಾಯಿ ಪಕ್ಕದಲ್ಲೇ ಕೂತಿದ್ದರು, ಕಣ್ಣಲ್ಲಿ ನೀರು. ಹುಡುಗಿ ಉಗುರು ಕಚ್ಚುತ್ತಾ ಯೋಚಿಸಿ ಹೇಳಿದಳು: "ಬೇಡ ಮಿಸ್. ನನ್ನ ಹೆಸರಿನವಳೇ ಇನ್ನೊಬ್ಬಳು ಕ್ಲಾಸಲ್ಲಿದ್ದಾಳೆ. ಅವಳ ಇನಿಷಿಯಲ್ಲೂ ಎಸ್ಸೇ. ಇಬ್ರೂ ಒಂದೇ ಆಗಿಬಿಡ್ತೀವಿ." ದೊಡ್ಡವರು ವರ್ಷಗಟ್ಟಲೆ ಹಿಡಿದು ಕೂತಿದ್ದ ವಿಷಯ ಅಲ್ಲಿಗೆ ಮುಗಿಯಿತು. ಇನಿಷಿಯಲ್ ಕೇಳಿ ಬಂದಿದ್ದ ಅವರು ನಕ್ಕರು, ಆದರೆ ಮುಖ ಸ್ವಲ್ಪ ಬಾಡಿದ್ದು ನನಗೆ ಕಂಡಿತು.

ಮೊನ್ನೆ ಹಾಸನಾಂಬೆ ದರ್ಶನದ ಸಾಲಿನಲ್ಲಿ ಅದೇ ಹುಡುಗಿ ಸಿಕ್ಕಿ ಮದುವೆ ಕಾರ್ಡ್ ಕೊಟ್ಟಳು. ಹೆಸರಿನ ಜೊತೆ ಹಳೆಯ ಇನಿಷಿಯಲ್ಲೇ ಇತ್ತು. ಕೆಳಗೆ 'ತಮ್ಮ ಸುಖಾಗಮನ ಬಯಸುವವರು' ಅನ್ನೋ ಕಡೆ ಮೊದಲ ಹೆಸರು ಅವರದ್ದು.