ಧಣಿಗಳ ಮನೆಯ ಸೇರು

ಕೇಳುಗರೆಲ್ಲರಿಗೂ ನಮಸ್ಕಾರ. ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆ ಅಡಕೆ ಸುಲಿಯುತ್ತ ರೇಡಿಯೋ ಹಚ್ಚಿಟ್ಟವರು ಈಗಲೂ ಇದ್ದೀರಿ. ನಿಮ್ಮೊಡನೆಯೇ ನನ್ನ ಮಾತು.

ನೆರೆಯ ದೇಶ ನಮಗಿಂತ ಬಲಿಷ್ಠವಾಗಿದ್ದರೆ ಮಾನ ಉಳಿಸಿಕೊಳ್ಳುವುದು ಹೇಗೆ? ಮೊಬೈಲಿನಲ್ಲಿ ಗಡಿಯಾಚೆಯವರನ್ನು ಬೈದು ದೇಶಪ್ರೇಮ ಮುಗಿಸುವ ಹುಡುಗರಿಗೆ ಹೇಳಿ ಹೇಳಿ ಸಾಕಾಗಿದೆ, ಆದರೂ ಮತ್ತೆ ಹೇಳುತ್ತೇನೆ. ಕೊಡಬೇಕಾದ್ದನ್ನು ಅಳೆದು ಕೊಡಬೇಕು, ಕೊಡಬಾರದ್ದನ್ನು ಕೊಡಬಾರದು. ಫಿನ್ಲೆಂಡ್ ಮಾಡಿದ್ದು ಇದನ್ನೇ.

ಫಿನ್ಲೆಂಡಿನ ಪೂರ್ವಕ್ಕೆ ರಷ್ಯಾ, ನಡುವೆ 1,340 ಕಿಲೋಮೀಟರ್ ಗಡಿ. 1939ರ ನವೆಂಬರ್ 30ರಂದು ಸೋವಿಯತ್ ಸೇನೆ ಒಳನುಗ್ಗಿತು. ಬರೀ 37 ಲಕ್ಷ ಜನರ ದೇಶ ಹಿಮದಲ್ಲಿ 105 ದಿನ ಕಾದಿತು. ಆಮೇಲೆ ಜರ್ಮನಿಯ ಜೊತೆ ಸೇರಿ ಇನ್ನೊಂದು ಯುದ್ಧ, 1944ರಲ್ಲಿ ಸೋಲು. ಪೂರ್ವದ ಕರೇಲಿಯಾ ಪ್ರಾಂತ್ಯ ಕೈಬಿಟ್ಟಿತು, 4 ಲಕ್ಷಕ್ಕೂ ಮಿಕ್ಕಿ ಜನ ಮನೆಮಠ ಬಿಟ್ಟು ಬಂದರು. ಮೇಲಿಂದ 30 ಕೋಟಿ ಡಾಲರ್ ದಂಡ. ಅದನ್ನು ಹಡಗು, ಯಂತ್ರ, ರೈಲು ಎಂಜಿನ್, ಮರದ ಸಾಮಾನು ಮಾಡಿ ಕೊಡಬೇಕು. ಆ ಸಾಮಾನಿಗೆ ಕಟ್ಟುವ ಬೆಲೆಯೋ, 1938ರ ದರದ ಮೇಲೆ ಚೂರು ಸೇರಿಸಿದ್ದು. ಅಳತೆಯೂ ಗೆದ್ದವರದ್ದೇ.

ಇಲ್ಲಿ ನನ್ನ ಅಜ್ಜನ ವಿಷಯ ಹೇಳಲೇಬೇಕು. ಅಜ್ಜ ಗೇಣಿಯ ಒಕ್ಕಲು. ಗೇಣಿ ಅಕ್ಕಿ ಅಳೆಯುವ ಹಿತ್ತಾಳೆಯ ಸೇರು ಧಣಿಗಳ ಮನೆಯದು, ಪೇಟೆಯ ಸೇರಿಗಿಂತ ಒಂದು ಮುಷ್ಟಿ ದೊಡ್ಡದು. ಊರಿಗೆಲ್ಲ ಗೊತ್ತು, ಬಾಯಿ ಬಿಟ್ಟವರಿಲ್ಲ. ನನಗೆ ಆಗ ಎಂಟು ವರ್ಷ, ಜೊತೆಗೆ ಹೋಗಿದ್ದೆ. ಅಂಗಳದಲ್ಲಿ ಅಕ್ಕಿಯ ಮುಡಿ ಬಿಚ್ಚಿದರು. ಅಳೆಯುವವನು ಸೇರು ತುಂಬಿ ಮೇಲೆ ರಾಶಿ ನಿಲ್ಲಿಸಿದ. ಅಜ್ಜ ಅಂಗೈಯಲ್ಲಿ ರಾಶಿಯನ್ನು ಸವರಿ, "ಸೇರು ನಿಮ್ಮದೇ ಇರಲಿ, ಬಾಯಿಮಟ್ಟ ಅಳೆಯಿರಿ" ಎಂದರು. ಹಾಗೆಯೇ ಅಳೆದಾಯಿತು, ಒಂದು ಕಾಳು ಕಡಿಮೆಯಿಲ್ಲ. "ಆಯಿತಲ್ಲ, ಇನ್ನು ಹೋಗು" ಎಂದ ಕಾರ್ಯಸ್ಥ. ಅಜ್ಜ ಹೋಗಲಿಲ್ಲ, ರಸೀತಿ ಕೇಳಿದರು. "ಇಷ್ಟು ವರ್ಷದ ನಂಬಿಕೆ, ರಸೀತಿ ಯಾಕೆ?" "ನಂಬಿಕೆ ಇರಲಿ ಸ್ವಾಮಿ, ರಸೀತಿಯೂ ಇರಲಿ." ಮಧ್ಯಾಹ್ನದವರೆಗೆ ಬಿಸಿಲಲ್ಲೇ ನಿಂತರು. ನನ್ನ ಕಾಲು ಸುಡುತ್ತಿತ್ತು. ಕೊನೆಗೆ ಚೀಟಿ ಬಂತು. ಮಡಚಿ, ತಲೆಯ ಮೇಲಿನ ಹಾಳೆಟೊಪ್ಪಿ, ಮುಟ್ಟಾಳೆಯೊಳಗೆ ಇಟ್ಟುಕೊಂಡರು. ಮನೆ ಮುಟ್ಟುವುದರೊಳಗೆ ಎರಡು ಸಲ ಮುಟ್ಟಾಳೆ ತೆಗೆದು, ಚೀಟಿ ಇದೆಯೇ ಎಂದು ನೋಡಿಕೊಂಡರು.

ಫಿನ್ಲೆಂಡಿನ ಜನರೂ ಹಾಗೆ ನಿಂತವರು. ಕಾಗದ, ಹಲಗೆ ಮಾರಿ ಬದುಕುತ್ತಿದ್ದ ದೇಶ ದಂಡ ತೀರಿಸಲೆಂದೇ ಕಾರ್ಖಾನೆಗಳನ್ನು ಬೆಳೆಸಿತು. 1948ರಲ್ಲಿ ಮಾಸ್ಕೋ ಒಂದಷ್ಟು ಬಾಕಿ ಬಿಟ್ಟಿತು. ಉಳಿದದ್ದನ್ನು ಫಿನ್ಲೆಂಡ್ 1952ರ ಸೆಪ್ಟೆಂಬರಿಗೆ ಪೂರ್ತಿ ತೀರಿಸಿತು. ಅದೇ ವರ್ಷ ಹೆಲ್ಸಿಂಕಿಯಲ್ಲಿ ಒಲಿಂಪಿಕ್ಸ್ ನಡೆಸಿತು, ನಮ್ಮ ಹಾಕಿ ತಂಡ ಚಿನ್ನ ಗೆದ್ದದ್ದು ಅಲ್ಲೇ. ಇನ್ನು ಕೊಡಬಾರದ್ದು? ತನ್ನ ಪಾರ್ಲಿಮೆಂಟು, ತನ್ನ ಚುನಾವಣೆ. ಅವೆರಡನ್ನೂ ಬಿಟ್ಟುಕೊಡಲಿಲ್ಲ. ದೊಡ್ಡವರಿಗೆ ಹೆದರಿ ನಡೆಯುವ ದೇಶವೆಂದು ಪಶ್ಚಿಮದವರು ಹೀಯಾಳಿಸಿದ್ದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಬಿಸಿಲಲ್ಲಿ ನಿಂತವರಿಗೆ ಮಾತ್ರ ಗೊತ್ತು ಅದು ಹೆದರಿಕೆಯಲ್ಲ ಎಂದು. 2023ರ ಏಪ್ರಿಲ್ 4ರಂದು ಪಶ್ಚಿಮದವರ ಸೇನಾಕೂಟ ನ್ಯಾಟೋ ಸೇರಿದ್ದು ಕೂಡ ತಮ್ಮ ಪಾರ್ಲಿಮೆಂಟಿನಲ್ಲಿ ಮತ ಹಾಕಿಯೇ.

ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಒಂದು ವಿಷಯ ಬಾಕಿಯಿದೆ, ಕಾಸರಗೋಡಿನವರು ಕೇಳಲೇಬೇಕಾದ್ದು. ಆ ದೇಶದಲ್ಲಿ ಸ್ವೀಡಿಷ್ ಮಾತಾಡುವವರು ನೂರಕ್ಕೆ ಐದು ಮಂದಿ. 1919ರ ಸಂವಿಧಾನದಲ್ಲೇ ಫಿನ್ನಿಷಿನ ಜೊತೆ ಸ್ವೀಡಿಷನ್ನೂ ರಾಷ್ಟ್ರಭಾಷೆ ಎಂದು ಬರೆದುಕೊಂಡರು. ತಲೆಯ ಮೇಲೆ ಅಂಥ ನೆರೆಯಿದ್ದೂ ಮನೆಯೊಳಗಿನ ಚಿಕ್ಕ ಭಾಷೆಯನ್ನು ದೂರ ಮಾಡಲಿಲ್ಲ. 1956ರಲ್ಲಿ ಕೇರಳಕ್ಕೆ ಸೇರಿದಂದಿನಿಂದ ಕನ್ನಡಕ್ಕಾಗಿ ಅರ್ಜಿ ಬರೆಯುತ್ತ ಬಂದಿರುವ ನಮಗೆ ಇದರ ಬೆಲೆ ಗೊತ್ತು. ಹೆಲ್ಸಿಂಕಿಯ ಬೀದಿಯ ಫಲಕಗಳಲ್ಲಿ ಇಂದಿಗೂ ಎರಡೆರಡು ಹೆಸರು, ಒಂದರ ಕೆಳಗೆ ಒಂದು.

ನಮಸ್ಕಾರ.